ಚಿಗರಿಯ ಮೂಗು, ಬೇಡನ ಕಾಲ್ಮರಿ

ಜಿಂಕೆ ಬೇಟೆಗೆ ಹೊರಟವನು ಕಾಲಿಗೆ ಏನು ಮೆಟ್ಟಬೇಕು? ಅಮೆರಿಕದಲ್ಲಿ ಈ ಪ್ರಶ್ನೆಯ ಸುತ್ತ ಒಂದು ವ್ಯಾಪಾರವೇ ಬೆಳೆದಿದೆ. ಮೊಣಕಾಲಿನವರೆಗೆ ಬರುವ ರಬ್ಬರ್ ಬೂಟು, ಇಂಗಾಲದ ಪದರ ಸೇರಿಸಿ ಹೊಲಿದ ಬಟ್ಟೆ, ಬೂಟಿನ ಮೇಲೆ ಹೊಡೆಯುವ ವಾಸನೆನಾಶಕ ಸ್ಪ್ರೇ, ಬೂಟನ್ನು ಒಣಗಿದ ಎಲೆಗಳ ಜೊತೆ ಮುಚ್ಚಿಡುವ ಡಬ್ಬಿ, ಎಲ್ಲವೂ ಅಲ್ಲಿ ಸಿಗುತ್ತವೆ. ಪ್ರತಿಯೊಂದರ ಬಗ್ಗೆಯೂ ಬೇಟೆಗಾರರಲ್ಲಿ ವಾದವಿದೆ. ನಮ್ಮಲ್ಲಿ ಆ ಪ್ರಶ್ನೆಯ ಬಾಗಿಲನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮುಚ್ಚಿತು. ಮುಚ್ಚಿದ್ದು ಒಳ್ಳೆಯದೇ ಆಯಿತು. ಆದರೆ ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರ ಸೀಮೆಯ ಎರಿ ಹೊಲಗಳಲ್ಲಿ ಅದೇ ಪ್ರಶ್ನೆ ಈಗ ತಲೆಕೆಳಗಾಗಿ ಎದ್ದು ನಿಂತಿದೆ. ಇಲ್ಲಿನ ರೈತನಿಗೆ ಬೇಕಿರುವುದು ತನ್ನ ಮೈವಾಸನೆ ಚಿಗರಿಗೆ ಬಡಿಯದಿರುವ ಉಪಾಯವಲ್ಲ, ಬಡಿಯುವ ಉಪಾಯ.

ಚಿಗರಿ ಎಂದರೆ ಕೃಷ್ಣಮೃಗ. ಶಾಸ್ತ್ರದ ಪ್ರಕಾರ ಅದು ಜಿಂಕೆಯ ಕುಲದ್ದಲ್ಲ. ಜಿಂಕೆಯ ಕೊಂಬು ಕವಲೊಡೆದು ವರ್ಷಕ್ಕೊಮ್ಮೆ ಉದುರುತ್ತದೆ. ಚಿಗರಿಯ ತಿರುಚಿದ ಕೊಂಬು ಉದುರುವುದಿಲ್ಲ. ಹೊಲದ ಬದುವಿನ ಮೇಲೆ ನಿಂತವನಿಗೆ ಈ ಭೇದದಿಂದ ಆಗಬೇಕಾದ್ದೇನೂ ಇಲ್ಲ ಬಿಡಿ. ಚಿಗರಿಗೆ ದಟ್ಟ ಕಾಡು ಬೇಡ. ಬಯಲು ಬೇಕು, ಕುರುಚಲು ಬೇಕು, ದೂರದವರೆಗೆ ಕಣ್ಣು ಹರಿಯಬೇಕು. ಕಾಲುವೆ ನೀರು ಏರದ, ತೊಗರಿ, ಹತ್ತಿ, ಜೋಳ ಬೆಳೆಯುವ ಭೂಮಿ ಅದಕ್ಕೆ ಹೇಳಿ ಮಾಡಿಸಿದ ಜಾಗ. ಮಳೆ ಬಿದ್ದು ಬಿತ್ತಿದ್ದು ಎರಡೆಲೆ ಬಿಟ್ಟಿತು ಎನ್ನುವಾಗ ಹಿಂಡು ಇಳಿಯುತ್ತದೆ. "ಏನ್ ಮಾಡೂದ್ರೀ ಯಪ್ಪಾ, ನಾವು ಬಿತ್ತೂದು, ಅವು ಮೇಯೂದು" ಎಂಬ ಮಾತು ಮುಂಗಾರಿನಲ್ಲಿ ಊರಿನ ಕಟ್ಟೆಗಳ ಮೇಲೆ ಕೇಳಿಸುತ್ತದೆ. ಓಡಿಸಲು ಹೋದರೆ ಗಂಟೆಗೆ 80 ಕಿಲೋಮೀಟರ್‌ವರೆಗೂ ವೇಗ ಹಿಡಿಯಬಲ್ಲ ಪ್ರಾಣಿ. ಒಂದು ಹೊಲ ದಾಟಿ ನಿಂತು ತಿರುಗಿ ನೋಡುತ್ತದೆ, ಓಡಿಸಿದವನು ಮನೆಗೆ ಹೋದನೋ ಇಲ್ಲವೋ ಎಂದು.

ಈ ಸೀಮೆಗೂ ಬೇಟೆಗೂ ಹಳೆಯ ನಂಟು. ಸುರಪುರ ಬೇಡ ನಾಯಕರ ಸಂಸ್ಥಾನ. ಔರಂಗಜೇಬ ತನ್ನ ಕೊನೆಯ ದೊಡ್ಡ ಮುತ್ತಿಗೆ ಹಾಕಿದ್ದು 1705ರಲ್ಲಿ, ಸುರಪುರದ ಹತ್ತಿರದ ವಾಗಿನಗೇರಿ ಕೋಟೆಗೆ. ಇಲ್ಲಿನ ಬೇಡ ಬಂದೂಕಿನವರ ಗುರಿ ಮೊಗಲ್ ಸೇನೆಗೂ ಗೊತ್ತಿತ್ತು. ಕಲ್ಲು ಗುಡ್ಡ, ಕುರುಚಲು ಪೊದೆಗಳ ನಡುವೆ ಸದ್ದಿಲ್ಲದೆ ಸರಿದು ಹೋಗುವ ವಿದ್ಯೆ ಶಿಕಾರಿಗೂ ಯುದ್ಧಕ್ಕೂ ಒಂದೇ. ಇಂದು ಅದೇ ಸಮುದಾಯದವರು ಬೇಸಾಯದಲ್ಲಿದ್ದಾರೆ, ಮೇಷ್ಟ್ರಾಗಿದ್ದಾರೆ, ಕಚೇರಿಗಳಲ್ಲಿದ್ದಾರೆ. ಚಿಗರಿಗೆ ಬೆಳೆ ಕಳೆದುಕೊಳ್ಳುವವರಲ್ಲೂ ಅವರಿದ್ದಾರೆ.

ಬೇಡ ಎಂದರೆ ಬರಿಗಾಲಿನವನು ಎಂದು ನಾವು ಚಿತ್ರ ಬರೆದುಕೊಳ್ಳುತ್ತೇವೆ. ನಮ್ಮ ಅತ್ಯಂತ ಪ್ರಸಿದ್ಧ ಬೇಡನ ಕತೆ ಹಾಗೆ ಹೇಳುವುದಿಲ್ಲ. ಕಾಳಹಸ್ತಿಯ ಕಣ್ಣಪ್ಪ ತನ್ನ ಎರಡನೆಯ ಕಣ್ಣನ್ನೂ ಕಿತ್ತು ಕೊಡುವ ಮುನ್ನ, ಜಾಗ ತಪ್ಪದಿರಲೆಂದು ಲಿಂಗದ ಮೇಲೆ ಗುರುತಿಗೆ ಇಟ್ಟದ್ದು ಕಾಲು. ಶಂಕರರ ಹೆಸರಿನಲ್ಲಿರುವ ಶಿವಾನಂದಲಹರಿಯಂತೂ ದಾರಿ ತುಳಿದು ಸವೆದ ಅವನ ಪಾದುಕೆಯನ್ನೇ ನೆನೆಯುತ್ತದೆ. 1954ರಲ್ಲಿ ಎಚ್.ಎಲ್.ಎನ್. ಸಿಂಹ ಅವರ ಚಿತ್ರದಲ್ಲಿ ರಾಜಕುಮಾರ್ ಕಣ್ಣಪ್ಪನಾದ ಮೇಲೆ ಈ ಕತೆ ಕನ್ನಡದ ಮನೆಮನೆಗೂ ತಿಳಿದಿದೆ. ಇನ್ನು ನಮ್ಮದೇ ಕಲ್ಯಾಣದ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಅರಸನ ಪಾದುಕೆಗೆ ಒಂದು ಅಧ್ಯಾಯವಿದೆ, ಮೃಗಬೇಟೆಗೆ ಇನ್ನೊಂದು. ಕೆಲವೇ ದಶಕಗಳ ನಂತರ ಅದೇ ಊರಿನಲ್ಲಿ ಸಮಗಾರ ಹರಳಯ್ಯನವರ ಚಮ್ಮಾವುಗೆಯ ಪ್ರಸಂಗ ನಡೆಯಿತು ಎನ್ನುತ್ತದೆ ಶರಣರ ಪರಂಪರೆ. ಕಾಲ್ಮರಿಯ ಕತೆಗೆ ಈ ಕಡೆ ಬರವಿಲ್ಲ.

ಇರಲಿ, ಮೂಗಿನ ವಿಷಯಕ್ಕೆ ಬರೋಣ. ಪಾದ ಏಕೆ ನಾರುತ್ತದೆ? ಎರಡೂ ಪಾದ ಸೇರಿ ಸುಮಾರು ಎರಡೂವರೆ ಲಕ್ಷ ಬೆವರು ಗ್ರಂಥಿಗಳಿವೆ ಎಂಬುದು ವೈದ್ಯರ ಅಂದಾಜು. ಬೆವರಿಗೆ ತನ್ನದೇ ಆದ ವಾಸನೆ ಹೆಚ್ಚಿಲ್ಲ. ಚರ್ಮದ ಮೇಲೆ ಸಹಜವಾಗಿ ವಾಸಿಸುವ ಬ್ಯಾಕ್ಟೀರಿಯಾಗಳು ಬೆವರಿನಲ್ಲಿರುವ ಲ್ಯೂಸಿನ್ ಎಂಬ ಅಮೈನೊ ಆಮ್ಲವನ್ನು ಮುರಿದು ಐಸೋವ್ಯಾಲೆರಿಕ್ ಆಮ್ಲ ಮಾಡುತ್ತವೆ. ಕಾಲುಚೀಲ ಬಿಚ್ಚಿದಾಗ ಮೂಗಿಗೆ ಬಡಿಯುವ ಹುಳಿ ನಾತದ ದೊಡ್ಡ ಪಾಲು ಅದೇ. ಬ್ಯಾಕ್ಟೀರಿಯಾಕ್ಕೆ ತೇವ ಬೇಕು, ಬಿಸಿ ಬೇಕು. ಮುಚ್ಚಿದ ಬೂಟು ಎರಡನ್ನೂ ಕೊಡುತ್ತದೆ. ಗಾಳಿಯಾಡುವ ಚಪ್ಪಲಿಯಲ್ಲಿ ಪಾದ ಒಣಗಿ ನಾತ ಹುಟ್ಟುವುದೇ ಕಡಿಮೆ, ಆದರೆ ಹುಟ್ಟಿದಷ್ಟಕ್ಕೂ ಬಾಗಿಲು ತೆರೆದಿರುತ್ತದೆ. ಇದರ ಮೇಲೆ, ನಾವು ನಡೆದಲ್ಲೆಲ್ಲ ಕಣ್ಣಿಗೆ ಕಾಣದ ಚರ್ಮದ ಹೊಟ್ಟು ಉದುರುತ್ತಲೇ ಇರುತ್ತದೆ. ಜಿಂಕೆಯ ಒದ್ದೆ ಮೂಗಿಗೆ, ಅದರ ಒಳಗಿನ ಸುರುಳಿ ಸುರುಳಿ ಎಲುಬಿನ ಮೇಲೆ ಹಬ್ಬಿದ ಪೊರೆಗೆ, ಈ ಹೊಟ್ಟು ಸಾಕಷ್ಟು ಸುದ್ದಿ ಹೇಳುತ್ತದೆ.

ಬೂಟಿಗೂ ವಾಸನೆಗೂ ಇರುವ ಸಂಬಂಧವನ್ನು ನಾಯಿಯ ಮೂಲಕ ಪರೀಕ್ಷಿಸಿದವರು ಡಾರ್ವಿನ್ನರ ಗೆಳೆಯ ಜಾರ್ಜ್ ರೊಮೇನ್ಸ್. 1887ರಲ್ಲಿ ಅವರು ಪ್ರಕಟಿಸಿದ ಪ್ರಯೋಗಗಳು ಇಂದಿಗೂ ಓದಲು ಮಜವಾಗಿವೆ. ಅವರ ಬೇಟೆನಾಯಿ ಎಷ್ಟೋ ಜನರ ಹೆಜ್ಜೆಗಳ ನಡುವಿನಿಂದ ಅವರ ಜಾಡನ್ನು ಮಾತ್ರ ಹೆಕ್ಕಿ ಹಿಡಿಯುತ್ತಿತ್ತು. ಆಗ ಅವರು ತಮ್ಮ ಹಳೆಯ ಬೂಟನ್ನು ಅಪರಿಚಿತನೊಬ್ಬನಿಗೆ ತೊಡಿಸಿದರು. ನಾಯಿ ಅವನ ಹಿಂದೆ ಹೋಯಿತು. ತಾವು ಅವನ ಬೂಟು ತೊಟ್ಟರು. ನಾಯಿ ತಿರುಗಿಯೂ ನೋಡಲಿಲ್ಲ. ಹೊಸ ಬೂಟು ಹಾಕಿ ನಡೆದಾಗಲೂ ಜಾಡು ಹಿಡಿಯಲಿಲ್ಲ. ಹಳೆ ಬೂಟಿನ ಅಡಿಗೆ ಕಂದು ಕಾಗದ ಅಂಟಿಸಿ ನಡೆದಾಗ, ಹಿಮ್ಮಡಿಯ ಹತ್ತಿರ ಕಾಗದ ಸವೆದು ತೊಗಲು ನೆಲಕ್ಕೆ ತಾಗಿದ ಜಾಗದಿಂದ ನಾಯಿಗೆ ಗುರುತು ಸಿಕ್ಕಿತು. ಬರಿಗಾಲಲ್ಲಿ ನಡೆದಾಗ ಹಿಂಬಾಲಿಸಿತಾದರೂ ಅನುಮಾನಿಸುತ್ತಾ ಹಿಂಬಾಲಿಸಿತು. ಅಂದರೆ ಅದು ಕಲಿತಿದ್ದದ್ದು ಬರಿಯ ಒಡೆಯನ ವಾಸನೆಯನ್ನಲ್ಲ. ಒಡೆಯನ ಬೆವರು ವರ್ಷಗಟ್ಟಲೆ ಹೀರಿ ಕುಳಿತ ಆ ತೊಗಲಿನ ವಾಸನೆಯನ್ನು.

ಇಷ್ಟೇ ಆಗಿದ್ದರೆ ರಬ್ಬರ್ ಬೂಟು ಮಾರುವವನಿಗೆ ಜಯವಾಗುತ್ತಿತ್ತು. ಆದರೆ ರೊಮೇನ್ಸ್ ಇನ್ನೊಂದು ಪರೀಕ್ಷೆಯನ್ನೂ ಮಾಡಿದ್ದರು. ಗೋಡೆಯ ಮರೆಯಲ್ಲಿ ಕಣ್ಣಷ್ಟೇ ಕಾಣುವಂತೆ ಅಡಗಿ ನಿಂತರು. ನಾಯಿ ಸುಮಾರು 200 ಗಜ ದೂರದಿಂದಲೇ, ನೆಲದ ಜಾಡು ನೋಡದೆ, ಗಾಳಿಯಲ್ಲಿ ತೇಲಿ ಬಂದ ಮೈವಾಸನೆ ಹಿಡಿದು ನೇರ ಬಂದು ನಿಂತಿತು. ಬೂಟು ಯಾವುದಾದರೇನು?

ಈಗ ನಮ್ಮ ಕಾಲ್ಮರಿಗಳನ್ನು ಒಂದೊಂದಾಗಿ ನೋಡಿ. ತೊಗಲಿನದು ಸಣ್ಣ ರಂಧ್ರಗಳ ವಸ್ತು. ತಂಗಡಿ ತೊಗಟೆ, ಜಾಲಿ ತೊಗಟೆ, ಅಳಲೆಕಾಯಿಯ ಒಗರಿನಲ್ಲಿ ಹದ ಮಾಡಿದ ತೊಗಲಿಗೆ ಅದರದೇ ಗಾಟು ವಾಸನೆ. ಮೇಲೆ ಮೆತ್ತಗಾಗಲೆಂದು ಸವರಿದ ಎಣ್ಣೆಯ ವಾಸನೆ. ಒಳಗೆ ಇಳಿದ ಬೆವರು. ಹೊಸದಿದ್ದಾಗ ಸದ್ದೂ ಮಾಡುತ್ತದೆ. ಕೊಲ್ಹಾಪುರಿ ಚಪ್ಪಲಿಗಂತೂ ಆ ಕರಕರ ಸದ್ದೇ ಶೋಭೆ. ತೊಟ್ಟವನು ಬರುವುದು ಓಣಿಗೆಲ್ಲ ತಿಳಿಯಬೇಕು. 2019ರಲ್ಲಿ ಅದಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಸೇರಿದ್ದವು. ಮದುವೆಗೆ ಚೆಂದ, ಶಿಕಾರಿಗೆ ಶತ್ರು. ಟೈರಿನ ಚಪ್ಪಲಿ ಬೇರೆ ಜಾತಿ. ಹಳೆ ಲಾರಿಯ ಟೈರು ಕೊಯ್ದು ಮೊಳೆ ಹೊಡೆದ ಅದು ಮುಳ್ಳಿಗೆ ಜಗ್ಗುವುದಿಲ್ಲ, ಬೆವರು ಹೀರುವುದಿಲ್ಲ. ವಾಸನೆಯ ಲೆಕ್ಕದಲ್ಲಿ ಅಮೆರಿಕದ ದುಬಾರಿ ಬೂಟಿನ ಅಡಿಗೂ ಇದಕ್ಕೂ ಅಂಥ ಅಂತರವಿಲ್ಲ. ಕೊರತೆ ಒಂದೇ: ಪಾದದ ಮೇಲ್ಭಾಗ ತೆರೆದೇ ಇರುತ್ತದೆ. ಭತ್ತದ ಗದ್ದೆಗೆ ಇಳಿಯುವವರು ಹಾಕುವ ಗಂಬೂಟು ಆ ಕೊರತೆ ತುಂಬುತ್ತದೆ ಅನ್ನಿಸಬಹುದು. ಆದರೆ 40 ಡಿಗ್ರಿ ದಾಟುವ ಯಾದಗಿರಿಯ ಬಿಸಿಲಿನಲ್ಲಿ ಅದರೊಳಗೆ ಪಾದ ಬೆಂದು ಹೋಗುತ್ತದೆ. ಅದಲ್ಲದೆ ಒಂದೊಂದು ಹೆಜ್ಜೆಗೂ ಬೂಟಿನೊಳಗಿನ ಗಾಳಿ ಮೇಲಿನ ಬಾಯಿಯಿಂದ ತಿದಿ ಒತ್ತಿದಂತೆ ಹೊರಗೆ ನುಗ್ಗುತ್ತದೆ. ಅಡಗಿಸಿಟ್ಟ ನಾತವೆಲ್ಲ ಕಂತು ಕಂತಾಗಿ ಹೊರಬಿದ್ದ ಹಾಗಾಯಿತು.

ಉಳಿದದ್ದು ಬರಿಗಾಲು. ಸದ್ದಿನಲ್ಲಿ ಅದನ್ನು ಮೀರಿಸಿದ ಪಾದರಕ್ಷೆ ಇಲ್ಲ. ಒಣ ಕಡ್ಡಿ ಅಂಗಾಲಿಗೆ ತಾಗಿದ ಕೂಡಲೇ ಭಾರ ಇಳಿಸದೆ ಕಾಲೆತ್ತಬಹುದು. ವಾಸನೆಯಲ್ಲಿ ಅದೇ ಎಲ್ಲಕ್ಕಿಂತ ಕೆಟ್ಟದ್ದು, ಬೆವರು ನೇರ ಮಣ್ಣಿಗೆ. ಮತ್ತೆ ನೆಗ್ಗಿಲು ಮುಳ್ಳು, ಬಳ್ಳಾರಿ ಜಾಲಿಯ ಮುಳ್ಳು ಬಿದ್ದ ಈ ನೆಲದಲ್ಲಿ ಬರಿಗಾಲಲ್ಲಿ ಜಿಂಕೆ ಹಿಂದೆ ಹೋಗುವವನು ಸಂಜೆಗೆ ಮುಳ್ಳು ತೆಗೆಯುವ ಚಿಮಟ ಹುಡುಕಬೇಕಾಗುತ್ತದೆ.

ಇದರಲ್ಲಿ ಯಾವುದನ್ನು ಮೆಟ್ಟಿದರೂ ತಪ್ಪಿಸಲಾಗದ ಒಂದು ವಾಸನೆಯಿದೆ: ತುಳಿತಕ್ಕೆ ಸಿಕ್ಕ ಹುಲ್ಲಿನ ರಸ, ಒಡೆದ ಮಣ್ಣಿನ ಹೆಂಟೆ. ಅದಕ್ಕೆ ಚಿಗರಿ ಬೆದರುವುದಿಲ್ಲ, ದನ ಕುರಿ ತುಳಿದರೂ ಅದೇ ವಾಸನೆ ತಾನೆ. ಚಿಗರಿಯ ಗೊರಸಿನ ಸಂದಿನಲ್ಲೂ ಗ್ರಂಥಿಯಿದೆ. ಕಣ್ಣಿನ ಮುಂದೆಯೂ ಒಂದು ಗ್ರಂಥಿಯಿದೆ. ಗಂಡು ತನ್ನ ಎಲ್ಲೆಯೊಳಗಿನ ಕಡ್ಡಿ ಗಿಡಗಳಿಗೆ ಕಣ್ಣಿನ ಗ್ರಂಥಿ ಒತ್ತಿ ಗುರುತು ಬಿಡುತ್ತದೆ, ಒಂದೇ ಜಾಗದಲ್ಲಿ ಹಿಕ್ಕೆ ಹಾಕಿ ಗುಡ್ಡೆ ಮಾಡುತ್ತದೆ. ವಾಸನೆಯಲ್ಲಿ ಬರೆಯುವ, ವಾಸನೆಯಲ್ಲಿ ಓದುವ ಪ್ರಾಣಿಯ ಮುಂದೆ ನಮ್ಮ ಸ್ಪ್ರೇ ಡಬ್ಬಿ ಮಕ್ಕಳಾಟ.

ಹಾಗಾದರೆ ಹಿಂದಿನ ಬೇಟೆಗಾರ ಹೇಗೆ ಹತ್ತಿರ ಹೋಗುತ್ತಿದ್ದ? ಗಾಳಿ ನೋಡಿ. ನಮ್ಮ ಸೀಮೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಸುವುದು ಪಡುವಣ, ನೈಋತ್ಯ ದಿಕ್ಕಿನ ಗಾಳಿ. ಆಗ ಹಿಂಡಿನ ಮೂಡಣಕ್ಕೆ ಸುತ್ತಿ ಹೋಗಿ, ಗಾಳಿ ಮುಖಕ್ಕೆ ಬಡಿಯುವಂತೆ ಪಡುವಣಕ್ಕೆ ಸರಿಯಬೇಕು. ಹಿಂಗಾರಿನಲ್ಲಿ ಮೂಡಗಾಳಿ ಎದ್ದ ಮೇಲೆ ಲೆಕ್ಕ ತಿರುಗುಮುರುಗು. ಬೆನ್ನಿಗೆ ಗಾಳಿ ಇಟ್ಟುಕೊಂಡು ಹೋದವನಿಗೆ ಜಗತ್ತಿನ ಯಾವ ಬೂಟೂ ನೆರವಾಗದು. ಒಂದು ಚಿಟಿಕೆ ಒಣ ಮಣ್ಣನ್ನು ಕೈಯಿಂದ ಬಿಟ್ಟರೆ ಗಾಳಿಯ ದಿಕ್ಕು ತಿಳಿಯುತ್ತದೆ. ಗಾಳಿ ಬಂದಾಗ ತೂರಿಕೋ ಎಂಬ ಗಾದೆ ಕಟ್ಟಿದ ಜನಕ್ಕೆ, ಕಣದಲ್ಲಿ ಮೊರ ಎತ್ತಿ ನಿಂತು ಅದಕ್ಕಾಗಿ ಕಾಯ್ದ ಜನಕ್ಕೆ, ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಬಯಲಿನಲ್ಲಿ ಇಷ್ಟು ಸಾಕು. ಗುಡ್ಡದಲ್ಲಿ ಸಾಲದು. ಶಹಾಪುರದ ಬಳಿ ಮಲಗಿದ ಬುದ್ಧನ ಆಕಾರದ ಬೆಟ್ಟಸಾಲು ಇದೆಯಲ್ಲ, ಅಂಥ ಕಲ್ಲುಗುಡ್ಡದ ಇಳಿಜಾರು ಬೆಳಿಗ್ಗೆ ಬಿಸಿಲಿಗೆ ಕಾಯುತ್ತಿದ್ದಂತೆ ಅದಕ್ಕೆ ತಾಗಿದ ಗಾಳಿ ಹಗುರಾಗಿ ಮೇಲೇರುತ್ತದೆ. ಹೊತ್ತು ಮುಳುಗಿ ಕಲ್ಲು ಆರಿದಾಗ ತಣ್ಣನೆಯ ಗಾಳಿ ಕೆಳಗೆ ಜಾರುತ್ತದೆ. ಬೆಳಿಗ್ಗೆ ಕೆಳಗೆ ನಿಂತವನ ವಾಸನೆ ಮೇಲಿನ ಪ್ರಾಣಿಗೆ, ಸಂಜೆ ಮೇಲೆ ಕುಳಿತವನ ವಾಸನೆ ಕೆಳಗಿನ ಪ್ರಾಣಿಗೆ. ತೇವಾಂಶದ ಪಾತ್ರವೂ ಇದೆ: ಮಳೆ ನಿಂತ ಮೇಲೆ, ಇಬ್ಬನಿ ಬಿದ್ದ ಮುಂಜಾನೆ, ನೆಲದ ವಾಸನೆ ಹೆಚ್ಚು ಹೊತ್ತು ನಿಲ್ಲುತ್ತದೆ, ಸುಡುವ ಮಧ್ಯಾಹ್ನ ಬೇಗ ಚದುರಿ ಹೋಗುತ್ತದೆ. ಅಮೆರಿಕದ ವನ್ಯಜೀವಿ ಸಂಶೋಧಕ ಜಾನ್ ಶಿವಿಕ್ 2002ರಲ್ಲಿ ಇಂಗಾಲದ ಬಟ್ಟೆ ತೊಟ್ಟವರನ್ನೂ ಸಾಮಾನ್ಯ ಬಟ್ಟೆಯವರನ್ನೂ ಅಡಗಿಸಿ, ಹುಡುಕುನಾಯಿಗಳನ್ನು ಬಿಟ್ಟು ನೋಡಿದರು. ಬಟ್ಟೆಯಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ, ವ್ಯತ್ಯಾಸ ಮಾಡಿದ್ದು ಹವೆ. ನನಗೆ ಇದರಲ್ಲಿ ಅಚ್ಚರಿಯೇನೂ ಕಾಣುವುದಿಲ್ಲ.

ಚಿಗರಿಯ ಮಟ್ಟಿಗೆ ಇನ್ನೂ ಒಂದು ತೊಡಕಿದೆ. ಬಂಡೀಪುರದ ಚುಕ್ಕೆ ಜಿಂಕೆ, ಕಡವೆಗಳಿಗೆ ಗಿಡಮರಗಳ ಮರೆಯಲ್ಲಿ ಮೂಗು ಕಿವಿಗಳೇ ಮೊದಲ ಕಾವಲುಗಾರರು. ಬಯಲಿನ ಚಿಗರಿ ನೆಚ್ಚಿಕೊಂಡಿರುವುದು ಮುಖ್ಯವಾಗಿ ಕಣ್ಣನ್ನು. ತಲೆಯ ಅಕ್ಕಪಕ್ಕದಲ್ಲಿ ಉಬ್ಬಿದ ಆ ಕಣ್ಣುಗಳಿಗೆ ಹಿಂದಿನದೂ ಬಹುಪಾಲು ಕಾಣುತ್ತದೆ. ಹಿಂಡಿನಲ್ಲಿ ಒಂದಲ್ಲ ಒಂದು ತಲೆ ಎತ್ತಿಯೇ ಇರುತ್ತದೆ. ಒಂದು ಚಂಗನೆ ನೆಗೆದರೆ ಉಳಿದವೂ ನೆಗೆಯುತ್ತವೆ. ಇಂಥ ಪ್ರಾಣಿಯ ಮುಂದೆ ಕಾಲಿನ ವಾಸನೆಗಿಂತ ಬಿಳಿ ಧೋತರ ದೊಡ್ಡ ತಪ್ಪು. ಗೊರಸಿನ ಪ್ರಾಣಿಗಳ ಕಣ್ಣಿಗೆ ಕೆಂಪು ಮಂಕು, ನೀಲಿ ಚೊಕ್ಕ. ನೀಲಿ ಹಾಕಿ ಒಗೆದು ಫಳಫಳ ಮಾಡಿದ ಅಂಗಿ ನಮಗಿಂತ ಅವಕ್ಕೇ ಹೆಚ್ಚು ಹೊಳೆಯುತ್ತದೆ.

ಕಣ್ಣು, ಮೂಗು ಎರಡನ್ನೂ ಒಟ್ಟಿಗೆ ಮೋಸ ಮಾಡಿದ ಉಪಾಯ ಒಂದೇ, ಅದು ಎತ್ತು. ಉತ್ತರ ಕರ್ನಾಟಕದ ಹರಣಶಿಕಾರಿಗಳು, ಮಹಾರಾಷ್ಟ್ರದ ಪಾರ್ಧಿಗಳು ಪಳಗಿಸಿದ ಎತ್ತನ್ನೋ ಆಕಳನ್ನೋ ಮೇಯಿಸುತ್ತಾ ಅದರ ಮರೆಯಲ್ಲಿ ನಿಧಾನ ಸರಿದು ಹಿಂಡಿನ ಹತ್ತಿರ ಉರುಳು ಹಾಕುತ್ತಿದ್ದರು. ಮೇಯುವ ದನಕ್ಕೆ ಚಿಗರಿ ಹೆದರುವುದಿಲ್ಲ. ಅದರ ಮೈಯ ಮರೆಯಲ್ಲಿ ಮನುಷ್ಯನ ಆಕಾರ ಮುಚ್ಚುತ್ತದೆ, ಸೆಗಣಿ ಗಂಜಲದ ವಾಸನೆಯಲ್ಲಿ ಮನುಷ್ಯನ ವಾಸನೆ ಮಸುಕಾಗುತ್ತದೆ. ಬೂಟಿನ ಕಂಪನಿಗಳು ಇಂದಿಗೂ ತಲುಪದ ಮಟ್ಟ ಇದು. ಇಷ್ಟು ಸೂಕ್ಷ್ಮ ಬಲ್ಲ ಜನರನ್ನು ಬ್ರಿಟಿಷರು 1871ರ ಕಾಯ್ದೆಯಡಿ ಅಪರಾಧಿ ಬುಡಕಟ್ಟುಗಳ ಪಟ್ಟಿಗೆ ಸೇರಿಸುತ್ತಾ ಹೋದರು. ಆ ಹಣೆಪಟ್ಟಿ ಕಾಗದದ ಮೇಲೆ 1952ರಲ್ಲಿ ಹೋಯಿತು. ಪೊಲೀಸರ ಮನಸ್ಸಿನಿಂದ ಎಷ್ಟು ಹೋಗಿದೆ ಎಂಬುದು ಬೇರೆ ಲೇಖನದ ವಿಷಯ.

ಈ ವಿದ್ಯೆಯನ್ನು ಇಂದು ಬಳಸಿದವನಿಗೆ ಜೈಲು. ಕೃಷ್ಣಮೃಗ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿದೆ. ಕೊಂದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆವಾಸ. 2022ರ ತಿದ್ದುಪಡಿಯ ನಂತರ ದಂಡ 25 ಸಾವಿರ ರೂಪಾಯಿಗೆ ಕಡಿಮೆಯಿಲ್ಲ. ರಾಣೆಬೆನ್ನೂರಿನಲ್ಲಿ 1974ರಿಂದ ಅದಕ್ಕೊಂದು ಅಭಯಾರಣ್ಯವಿದೆ, ಮಧುಗಿರಿ ಬಳಿಯ ಮೈದನಹಳ್ಳಿಯಲ್ಲಿ ಜಯಮಂಗಲಿ ಸಂರಕ್ಷಿತ ಪ್ರದೇಶವಿದೆ. ಯಾದಗಿರಿಯ ಚಿಗರಿಗೆ ರೈತರ ಹೊಲವೇ ಅಭಯಾರಣ್ಯ.

ಹಾಗಾಗಿ ಈಗಿನ ಪ್ರಯೋಗಗಳೆಲ್ಲ ಉಲ್ಟಾ. ಕಟಿಂಗ್ ಅಂಗಡಿಯಿಂದ ಕೂದಲು ತಂದು ಬದುವಿನ ಮೇಲೆ ಉದುರಿಸುತ್ತಾರೆ. ಇದು ಕಾಡುಹಂದಿಗೆ ಸ್ವಲ್ಪ ನಾಟುತ್ತದೆ, ಏಕೆಂದರೆ ಹಂದಿ ಮೂಗನ್ನು ನೆಲಕ್ಕೆ ಹಚ್ಚಿಯೇ ನಡೆಯುತ್ತದೆ. ವಾಸನೆಯ ಜೊತೆ ಕೂದಲೂ ಮೂಗಿಗೆ ಏರುತ್ತದೆ. ತಲೆ ಎತ್ತಿ ನೋಡುತ್ತಾ ಬರುವ ಚಿಗರಿಗೆ ಅಷ್ಟಾಗಿ ನಾಟುವುದಿಲ್ಲ. ಮಳೆ ಒಂದು ಬಂದರೆ ಕೂದಲಿನ ವಾಸನೆಯೂ ತೊಳೆದು ಹೋಯಿತು. ಬೆದರುಗೊಂಬೆಗೆ ಒಗೆದ ಅಂಗಿ ತೊಡಿಸುವುದು ವ್ಯರ್ಥ. ದುಡಿದು ಬಂದ ಬೆವರಿನ ಅಂಗಿ, ಸವೆದ ತೊಗಲಿನ ಕಾಲ್ಮರಿ ಹಾಕಿದರೆ ರೊಮೇನ್ಸರ ಲೆಕ್ಕದಂತೆ ಒಂದೆರಡು ದಿನವಾದರೂ ಮನುಷ್ಯನಿದ್ದಾನೆ ಎಂದು ಅನ್ನಿಸೀತು. ದೃಷ್ಟಿಗೆಂದು ಗಿಡಕ್ಕೆ ಕಟ್ಟುವ ಹಳೆ ಚಪ್ಪಲಿಗೂ ಈ ಒಂದು ಪ್ರಯೋಜನವಿದ್ದೀತು, ನಂಬುವವರು ನಂಬಲಿ. ಕಣ್ಣಿನ ಪ್ರಾಣಿಗೆ ಗಾಳಿಗೆ ಹಾರುವ ಹಳೆ ಸೀರೆ, ಹೊಳೆಯುವ ಪಟ್ಟಿ ಹೆಚ್ಚು ಕೆಲಸ ಮಾಡುತ್ತವೆ, ಅದೂ ಅಭ್ಯಾಸವಾಗುವವರೆಗೆ. ಮೂರು ನಾಲ್ಕು ದಿನಕ್ಕೊಮ್ಮೆ ಜಾಗ ಬದಲಿಸದಿದ್ದರೆ ಚಿಗರಿ ಸೀರೆಯ ಕೆಳಗೇ ಮೇಯುತ್ತದೆ. ಬಿತ್ತಿದ ಮೊದಲ ಕೆಲವು ವಾರ, ಚಿಗುರು ಎಳೆಯದಾಗಿರುವಾಗ, ಮನುಷ್ಯನೇ ಹೊಲದಲ್ಲಿ ಓಡಾಡುವುದಕ್ಕೆ ಸಮನಾದದ್ದು ಇನ್ನೂ ಸಿಕ್ಕಿಲ್ಲ.

ಚಿಗರಿ ನೋಡಲು, ಫೋಟೊ ತೆಗೆಯಲು ಬರುವವರಿಗೆ ನನ್ನ ಸಲಹೆ ಸಣ್ಣದು. ಗಟ್ಟಿ ಅಡಿಯ, ಮುಳ್ಳು ತಡೆಯುವ, ಸದ್ದು ಮಾಡದ ಯಾವ ಹಳೆ ಬೂಟಾದರೂ ಸಾಕು. ಮಣ್ಣಿನ ಬಣ್ಣದ ಅಂಗಿ ಹಾಕಿ, ಸೆಂಟು ಬೇಡ, ಗಾಳಿಗೆ ಮುಖಮಾಡಿ ಕೂತು ಕಾಯಿರಿ, ಬಿತ್ತಿದ ಹೊಲ ತುಳಿಯಬೇಡಿ. ರೈತರಿಗೆ ಹೇಳುವುದು ಬೇರೆ. ಬೇಲಿಗೆ ಕಳ್ಳ ಕರೆಂಟು ಹರಿಸಬೇಡಿ, ಅದು ಚಿಗರಿಗಿಂತ ಮೊದಲು ಪಕ್ಕದ ಹೊಲದವರ ಮಗನನ್ನು ಬಲಿ ತೆಗೆದುಕೊಳ್ಳಬಹುದು. ಬೆಳೆ ಹಾಳಾದ ದಿನವೇ ಹೊಲದ ಫೋಟೊ ತೆಗೆದು, ಪಹಣಿ ಜೊತೆಗಿಟ್ಟು ವಲಯ ಅರಣ್ಯಾಧಿಕಾರಿ ಕಚೇರಿಗೆ ಪರಿಹಾರದ ಅರ್ಜಿ ಕೊಡಿ, ಕೊಟ್ಟದ್ದಕ್ಕೆ ಸ್ವೀಕೃತಿ ಪತ್ರ ಕೇಳಿ ಪಡೆಯಿರಿ. ಕೃಷ್ಣಮೃಗವನ್ನು ಸಾಕುತ್ತಿರುವುದು ಸರ್ಕಾರದ ಬೇಲಿಯಲ್ಲ, ನಿಮ್ಮ ತೊಗರಿ. ಅದರ ಬೆಲೆಯನ್ನು ಸರ್ಕಾರದಿಂದ ಕೇಳುವುದು ನಿಮ್ಮ ಹಕ್ಕು.